ಸರ್ವರ್ ಇಲ್ಲದ ಲ್ಯಾಬ್‌ನಲ್ಲಿ ಸಿಮ್ಯುಲೇಶನ್: ಕ್ಲೌಡಾ, ಸ್ವಂತ ಮಶೀನಾ?

ಮುಂದುವರಿಯುತ್ತಿರುವ ದೇಶದ ಸಣ್ಣ ಲ್ಯಾಬ್, ಸರ್ವರ್ ಇಲ್ಲ, ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ನೆಟ್ ನಿಧಾನ. ಪ್ರೋಟೀನ್ ಸಿಮ್ಯುಲೇಶನ್‌ಗೆ (ಪ್ರೋಟೀನ್‌ನ ಪರಮಾಣುಗಳು ಹೇಗೆ ಚಲಿಸುತ್ತವೆ ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವುದು) ಕ್ಲೌಡ್, ಅಂದರೆ ನೆಟ್ ಮೂಲಕ ಬಾಡಿಗೆ ಕಂಪ್ಯೂಟರ್, ಹಿಡಿಯಬೇಕಾ, ಮಶೀನ್ ಕೊಳ್ಳಬೇಕಾ ಅಂತ ಕೇಳಿದ್ದೀರಿ. ನಾನೂ ಅಂಥದ್ದೇ ಲ್ಯಾಬ್‌ನಲ್ಲಿ ಇದೇ ಕೆಲಸ ಮಾಡುತ್ತೇನೆ. ನನ್ನ ಕೇಳಿದರೆ ಸ್ವಂತ ಮಶೀನೇ ಸರಿ.

ಆದರೆ ದುಡ್ಡು ಹಾಕುವ ಮೊದಲು, ರನ್ ಎಲ್ಲಿ ನಿಂತರೂ ಅಲ್ಲಿಂದಲೇ ಮತ್ತೆ ಶುರುವಾಗುವ ಹಾಗೆ ಮಾಡಿಕೊಳ್ಳಿ. ಇಂಥ ಸಿಮ್ಯುಲೇಶನ್ ಮಾಡುವ ಗ್ರೋಮ್ಯಾಕ್ಸ್ ಸಾಫ್ಟ್‌ವೇರ್ ತಾನಾಗಿಯೇ 15 ನಿಮಿಷಕ್ಕೊಮ್ಮೆ ಚೆಕ್‌ಪಾಯಿಂಟ್ ಫೈಲ್ (ಅಲ್ಲಿಯವರೆಗಿನ ಸ್ಥಿತಿ ಉಳಿಸುವ ಫೈಲ್) ಬರೆಯುತ್ತದೆ. ಕರೆಂಟ್ ಪದೇ ಪದೇ ಹೋಗುವ ಕಡೆ ಅದನ್ನು 5ಕ್ಕೆ ಇಳಿಸಿ. ಕರೆಂಟ್ ಬಂದ ಕೂಡಲೇ ಮಶೀನ್ ಆನ್ ಆಗುವ ಆಯ್ಕೆ ಸಾಮಾನ್ಯವಾಗಿ ಬಯೋಸ್‌ನಲ್ಲೇ (ಮಶೀನ್ ಶುರುವಾಗುವಾಗಿನ ಸೆಟ್ಟಿಂಗ್‌ಗಳಲ್ಲಿ) ಇರುತ್ತದೆ. ಜೊತೆಗೆ, ರೀಬೂಟ್ ಆದಾಗ ಓಡುವ ಸಣ್ಣ ಸ್ಕ್ರಿಪ್ಟ್ ಒಂದನ್ನು ಕ್ರಾನ್‌ನಲ್ಲಿ (ಲಿನಕ್ಸ್‌ನಲ್ಲಿ ಕೆಲಸಗಳನ್ನು ತಾನಾಗಿ ಶುರುಮಾಡುವ ಸಾಧನ) ಇಡಿ. ನೀವು ಮನೆಯಲ್ಲಿ ಮಲಗಿದ್ದರೂ ರನ್ ತಾನೇ ಮುಂದುವರಿಯುತ್ತದೆ. ಯುಪಿಎಸ್ ಬೇಕೇ ಬೇಕು, ಆದರೆ ಅದು ಇಡೀ ರಾತ್ರಿ ಎಳೆಯುವುದಿಲ್ಲ, ಅಲ್ವಾ?

ಇಷ್ಟು ಮಾಡಿಕೊಂಡರೆ ಪುಕ್ಕಟೆ ಸಿಗುವುದೂ ಉಪಯೋಗಕ್ಕೆ ಬರುತ್ತದೆ. ಬ್ರೌಸರ್‌ನಿಂದಲೇ ಗೂಗಲ್‌ನ ಕಂಪ್ಯೂಟರ್ ಬಳಸಲು ಬಿಡುವ ಗೂಗಲ್ ಕೊಲ್ಯಾಬ್‌ನ ಉಚಿತ ಸೆಷನ್ ಹೆಚ್ಚೆಂದರೆ 12 ಗಂಟೆ. ಎಷ್ಟೋ ಸಲ ಅದಕ್ಕೂ ಮೊದಲೇ ಕಡಿದುಹೋಗುತ್ತದೆ. ಚೆಕ್‌ಪಾಯಿಂಟ್ ಗೂಗಲ್ ಡ್ರೈವ್‌ನಲ್ಲಿದ್ದರೆ ಹೋದರೆ ಹೋಗಲಿ.

ಮಶೀನ್‌ಗೆ ಗೇಮಿಂಗ್ ಗ್ರಾಫಿಕ್ಸ್ ಕಾರ್ಡ್ ಸಾಕು. ಗ್ರೋಮ್ಯಾಕ್ಸ್ ಹೆಚ್ಚಿನ ಲೆಕ್ಕವನ್ನು ಸಿಂಗಲ್ ಪ್ರಿಸಿಶನ್‌ನಲ್ಲೇ (ಕಡಿಮೆ ಅಂಕಿಗಳ ನಿಖರತೆಯಲ್ಲಿ) ಮಾಡುತ್ತದೆ, ಅದರಲ್ಲಿ ಈ ಕಾರ್ಡ್‌ಗಳು ಗಟ್ಟಿ. ಪಕ್ಕದ ಲ್ಯಾಬ್‌ನವರು ಕ್ವಾಂಟಮ್ ಎಸ್ಪ್ರೆಸೊ (ಎಲೆಕ್ಟ್ರಾನ್‌ಗಳ ಲೆಕ್ಕ ಮಾಡುವ ಸಾಫ್ಟ್‌ವೇರ್) ಓಡಿಸುವವರಾದರೆ ಅವರ ಮಾತು ಕೇಳಿ ಕೊಳ್ಳಬೇಡಿ, ಅವರೂ ನಿಮ್ಮ ಮಾತು ಕೇಳಬಾರದು. ಅವರಿಗೆ ಡಬಲ್ ಪ್ರಿಸಿಶನ್, ಅಂದರೆ ಹೆಚ್ಚು ಅಂಕಿಗಳ ನಿಖರತೆ, ಬೇಕು. ಆರ್‌ಟಿಎಕ್ಸ್ 40 ಸರಣಿಯ ಗೇಮಿಂಗ್ ಕಾರ್ಡ್‌ಗಳಲ್ಲಿ ಅದರ ವೇಗ ಸಿಂಗಲ್‌ನ 64ರಲ್ಲಿ ಒಂದು ಪಾಲು ಅಷ್ಟೇ.

ಕ್ಲೌಡ್ ಕೆಟ್ಟದ್ದಲ್ಲ. ಬಿಲ್ ನೋಡಿದಾಗ ಮಾತ್ರ ಎದೆ ಧಸಕ್ ಅನ್ನುತ್ತದೆ. ಆಫ್ ಮಾಡಲು ಮರೆತರೆ ಮೀಟರ್ ಓಡುತ್ತಲೇ ಇರುತ್ತದೆ. ಡೇಟಾ ಹೊರಗೆ ತರುವುದಕ್ಕೂ ಹೆಚ್ಚಿನ ಕಡೆ ಬೇರೆ ಚಾರ್ಜು. ಅದರ ಮೇಲೆ ನಿಮ್ಮ ನಿಧಾನ ನೆಟ್, ಹಾಗಾಗಿ ತರುವ ಡೇಟಾ ಕಡಿಮೆ ಮಾಡಿ. ಸಿಮ್ಯುಲೇಶನ್ ಡಬ್ಬಿಯಲ್ಲಿ (ಪ್ರೋಟೀನ್ ಮತ್ತು ಅದರ ಸುತ್ತಲಿನ ನೀರನ್ನು ಇಡುವ ಕಾಲ್ಪನಿಕ ಜಾಗ) ಬಹುಪಾಲು ಪರಮಾಣುಗಳು ನೀರಿನವು. ನೀರಿನ ಮೇಲೆ ಅಧ್ಯಯನ ಇಲ್ಲದಿದ್ದರೆ ಅದನ್ನು ಸುಮ್ನೆ ಯಾಕೆ ಡೌನ್‌ಲೋಡ್ ಮಾಡುತ್ತೀರಿ? ಟ್ರಾಜೆಕ್ಟರಿಗೆ (ಪರಮಾಣುಗಳ ಚಲನೆ ದಾಖಲಾಗುವ ಫೈಲ್) ಪ್ರೋಟೀನ್ ಮಾತ್ರ ಬರೆಯುವಂತೆ ಗ್ರೋಮ್ಯಾಕ್ಸ್‌ನ ಸೆಟ್ಟಿಂಗ್‌ಗಳಿರುವ ಎಂಡಿಪಿ ಫೈಲ್‌ನಲ್ಲೇ ಹೇಳಿಬಿಡಿ. ತರುವಾಗ ಎಸ್‌ಸಿಪಿ ಬೇಡ, ಆರ್‌ಸಿಂಕ್ ಬಳಸಿ (ಎರಡೂ ನೆಟ್ ಮೂಲಕ ಫೈಲ್ ನಕಲು ಮಾಡುವ ಕಮಾಂಡ್‌ಗಳು). ಅದರ ‘ಪಾರ್ಶಿಯಲ್’ ಆಯ್ಕೆ ಹಾಕಿದ್ದರೆ, ನೆಟ್ ಕಡಿದ ಮೇಲೂ ಅರ್ಧ ಬಂದ ಫೈಲ್ ಉಳಿದಿರುತ್ತದೆ. ಮುಂದಿನ ಸಲ ಮಿಕ್ಕಿದ್ದನ್ನು ತಂದರಾಯಿತು.

ಇನ್ನು, ಯಾವುದಾದರೂ ಸೂಪರ್‌ಕಂಪ್ಯೂಟರ್‌ಗೆ ಅರ್ಜಿ ಹಾಕುವುದಿದ್ದರೆ ಸ್ಕೇಲಿಂಗ್ ಗ್ರಾಫ್ ಕೇಳುತ್ತಾರೆ. ಪ್ರೊಸೆಸರ್ ಕೋರ್ ಹೆಚ್ಚಿಸಿದಂತೆ ವೇಗ ಎಷ್ಟು ಹೆಚ್ಚಿತು ಅನ್ನುವ ಲೆಕ್ಕ ಅದು. ಸಿಮ್ಯುಲೇಶನ್‌ನಲ್ಲಿ ಪರಮಾಣುಗಳು ಕಡಿಮೆ ಇದ್ದರೆ ಒಂದು ಹಂತ ದಾಟಿದ ಮೇಲೆ ಕೋರ್‌ಗಳು ಪರಸ್ಪರ ಮಾತಾಡುವುದರಲ್ಲೇ ಕಾಲ ಕಳೆಯುತ್ತವೆ, ಗ್ರಾಫ್ ಮಲಗಿಬಿಡುತ್ತದೆ. ಹಾಗಾದರೆ ಅರ್ಜಿ ಬದಿಗಿಟ್ಟು ಆ ಗೇಮಿಂಗ್ ಕಾರ್ಡ್ ಕೊಳ್ಳಿ.