ವಿಮಾನ ಇಳಿದ ಮೇಲಿನ ದಾರಿಯನ್ನು ಮೊದಲು ಯೋಚಿಸಿ

ಪ್ರಶ್ನೆ: ಫೆಬ್ರುವರಿಯಲ್ಲಿ ಮನೆಯವರೆಲ್ಲ ಮೊದಲ ಸಲ ಆಲ್ಪ್ಸ್‌ಗೆ ಸ್ಕೀಯಿಂಗ್‌ಗೆ ಹೊರಟಿದ್ದೇವೆ. ಜೊತೆಗೆ ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ಜಿನೀವಾವರೆಗೆ ವಿಮಾನ. ಅಲ್ಲಿಂದ ಮುಂದೆ ಕಾರು ಬಾಡಿಗೆಗೆ ತೆಗೆದುಕೊಳ್ಳೋದಾ, ರೈಲಾ, ಬಸ್ಸಾ? ಯಾವ ರೆಸಾರ್ಟ್ ಅಂತ ಇನ್ನೂ ತೀರ್ಮಾನ ಆಗಿಲ್ಲ.

ಉತ್ತರ: ತೀರ್ಮಾನ ಆಗದೇ ಇರುವುದು ಒಳ್ಳೆಯದೇ ಆಯಿತು. ಹೆಚ್ಚಿನವರು ವಿಮಾನದ ಟಿಕೆಟ್‌ಗೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಇಳಿದ ಮೇಲಿನ ಬೆಟ್ಟದ ದಾರಿಯನ್ನು ಕೊನೆಗೆ ಬಿಡುತ್ತಾರೆ. ಆದರೆ ಪ್ರಯಾಣದ ದಿನ ಕೆಡುವುದು ಅಲ್ಲೇ. ಮಕ್ಕಳ ಜೊತೆ ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಇಷ್ಟೇ: ರೈಲು ಹತ್ತಿರ ಹೋಗುವ ರೆಸಾರ್ಟನ್ನೇ ಆರಿಸಿ.

ಜಿನೀವಾದಲ್ಲಿ ವಿಮಾನ ನಿಲ್ದಾಣದಲ್ಲೇ ರೈಲು ನಿಲ್ದಾಣ ಇದೆ. ಅಲ್ಲಿ ರೈಲು ಹತ್ತಿ ವಿಸ್ಪ್‌ನಲ್ಲಿ ಒಮ್ಮೆ ಬದಲಿಸಿದರೆ ಸುಮಾರು 4 ಗಂಟೆಯಲ್ಲಿ ಸ್ವಿಟ್ಜರ್ಲೆಂಡ್‌ನ ಸ್ಕೀ ಊರು ಜರ್ಮಾಟ್ ತಲುಪಬಹುದು. ಜರ್ಮಾಟ್ ಊರೊಳಗೆ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಪ್ರವೇಶವೇ ಇಲ್ಲ. ಕಾರಿನಲ್ಲಿ ಹೋದವರೂ ಅದನ್ನು ಹಿಂದಿನ ಊರಾದ ಟ್ಯಾಶ್‌ನಲ್ಲಿ ನಿಲ್ಲಿಸಿ ಕೊನೆಯ 12 ನಿಮಿಷ ರೈಲಿನಲ್ಲೇ ಹೋಗಬೇಕು. ಹಾಗಿದ್ದ ಮೇಲೆ ಸುಮ್ನೆ ಕಾರಿಗೆ ಯಾಕೆ ದುಡ್ಡು, ಅಲ್ವಾ? ಫ್ರಾನ್ಸ್‌ನ ಲೆಜಾರ್ಕ್ ಕೂಡ ಚೆನ್ನಾಗಿದೆ. ಅದಕ್ಕೆ ಪ್ಯಾರಿಸ್ ಮೂಲಕ ಹೋಗುವುದು ಸುಲಭ. ಬುರ್-ಸೇಂ-ಮೊರೀಸ್‌ನಲ್ಲಿ ರೈಲು ಇಳಿದರೆ ನಿಲ್ದಾಣದ ಪಕ್ಕದಲ್ಲೇ ಫ್ಯುನಿಕ್ಯುಲರ್, ಅಂದರೆ ಹಗ್ಗದಿಂದ ಎಳೆಯುವ ಬೆಟ್ಟದ ರೈಲು ಇದೆ. ಅದು 7 ನಿಮಿಷದಲ್ಲಿ ಲೆಜಾರ್ಕ್‌ನ ಒಂದು ಭಾಗವಾದ ಆರ್ಕ್ 1600ಕ್ಕೆ ಹತ್ತಿಸುತ್ತದೆ. ಜ್ಯೂರಿಕ್‌ಗೆ ವಿಮಾನ ಸಿಕ್ಕರೆ ಆಸ್ಟ್ರಿಯಾದ ಸೇಂಟ್ ಆಂಟನ್ ನೋಡಿ. ಅಲ್ಲಿ ರೈಲು ಊರಿಗೇ ಬರುತ್ತದೆ.

ಇನ್ನು ದಿನದ ವಿಷಯ. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಆಲ್ಪ್ಸ್‌ನಲ್ಲಿ ಬಹಳಷ್ಟು ವಸತಿಗಳು ಶನಿವಾರದಿಂದ ಶನಿವಾರಕ್ಕೆ ಬಾಡಿಗೆಗೆ ಹೋಗುತ್ತವೆ. ಅಂದರೆ ಒಂದೇ ದಿನ ಹಳಬರೆಲ್ಲ ಇಳಿಯುತ್ತಾರೆ, ಹೊಸಬರೆಲ್ಲ ಹತ್ತುತ್ತಾರೆ, ಅದೂ ಒಂದೇ ಕಣಿವೆಯ ರಸ್ತೆಯಲ್ಲಿ. ಫೆಬ್ರುವರಿಯಲ್ಲಿ ಫ್ರಾನ್ಸ್‌ನ ಶಾಲೆಗಳಿಗೆ ಮೂರು ವಲಯಗಳಾಗಿ, ಬೇರೆ ಬೇರೆ ವಾರಗಳಲ್ಲಿ ರಜೆ ಬರುತ್ತದೆ. ಹಾಗಾಗಿ ಆ ಜನಸಂದಣಿ ಒಂದೆರಡು ವಾರಕ್ಕೆ ಮುಗಿಯುವುದಿಲ್ಲ. ಫ್ರೆಂಚ್ ಆಲ್ಪ್ಸ್‌ನಲ್ಲಿ ಆಲ್ಬೆರ್‌ವಿಲ್ ದಾಟಿ ಮೂಟಿಯೇ ಕಡೆಗೆ ಹೋಗುವ ರಸ್ತೆಯಲ್ಲಿ ಶನಿವಾರ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ಬಸ್ಸಿಗೂ ಇದರಿಂದ ಬಿಡುಗಡೆ ಇಲ್ಲ. ಭಾನುವಾರ ಅಥವಾ ವಾರದ ನಡುವೆ ಕೋಣೆ ಕೊಡುವ ಹೋಟೆಲ್ ಹುಡುಕಿ. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಶನಿವಾರವೇ ಹೋಗಬೇಕಾದರೆ ಬೆಳಿಗ್ಗೆ ಬೇಗ ಇಳಿಯುವ ವಿಮಾನ ಹಿಡಿಯಿರಿ. ವಾಪಸ್ ಬರುವಾಗಲೂ ಅಷ್ಟೇ, ಮಧ್ಯಾಹ್ನದ ವಿಮಾನಕ್ಕಿಂತ ಸಂಜೆಯದು ವಾಸಿ.

ಆದರೂ ಕಾರೇ ಬೇಕು ಅನ್ನುವವರಿಗೆ ಎರಡು ಮಾತು. ಜಿನೀವಾ ವಿಮಾನ ನಿಲ್ದಾಣದಲ್ಲಿ ಸ್ವಿಸ್ ಕಡೆ, ಫ್ರೆಂಚ್ ಕಡೆ ಎಂದು ಎರಡು ಭಾಗಗಳಿವೆ. ಕಾರು ಯಾವ ಕಡೆಯದು ಎಂದು ಬುಕ್ ಮಾಡುವಾಗಲೇ ನೋಡಿಕೊಳ್ಳಿ. ಸ್ವಿಟ್ಜರ್ಲೆಂಡ್‌ನ ಹೆದ್ದಾರಿಗೆ ವಿನ್ಯೆಟ್, ಅಂದರೆ ರಸ್ತೆ ಶುಲ್ಕ ಕಟ್ಟಿದ ಪರವಾನಗಿ ಬೇಕು, 40 ಫ್ರಾಂಕ್. ಟೈರಿನ ನಿಯಮ ಇದಕ್ಕಿಂತ ಮುಖ್ಯ. ಫ್ರಾನ್ಸ್‌ನ ಗುರುತಿಸಿದ ಬೆಟ್ಟದ ಪ್ರದೇಶಗಳಲ್ಲಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಚಳಿಗಾಲದ ಟೈರು ಇರಬೇಕು, ಇಲ್ಲವೇ ಕಾರಿನಲ್ಲಿ ಸ್ನೋ ಚೈನ್ (ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಸುತ್ತುವ ಸರಪಳಿ) ಇಟ್ಟುಕೊಂಡಿರಬೇಕು. ಚಳಿಗಾಲದ ಟೈರೇ ಎಂದು ತಿಳಿಯಲು ಅದರ ಬದಿಯ ಮೇಲೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ನೋಡಿ. ಆಸ್ಟ್ರಿಯಾದಲ್ಲಿ ರಸ್ತೆ ಮೇಲೆ ಹಿಮ ಇದ್ದರೆ ಏಪ್ರಿಲ್ 15ರವರೆಗೂ ಚಳಿಗಾಲದ ಟೈರು ಕಡ್ಡಾಯ. ಚೈನ್ ಕೊಟ್ಟರೆ ಅದನ್ನು ಪಾರ್ಕಿಂಗ್‌ನಲ್ಲೇ ಒಮ್ಮೆ ಹಾಕಿ ನೋಡಿ. ಕತ್ತಲಲ್ಲಿ, ಹಿಮ ಬೀಳುವಾಗ, ಮರಗಟ್ಟಿದ ಕೈಯಲ್ಲಿ ಕಲಿಯುವ ಕೆಲಸ ಅಲ್ಲ ಅದು.

ಪ್ರಶ್ನೆ: ಸ್ವಂತ ಸ್ಕೀ, ಬೂಟು ಒಯ್ಯಬೇಕಾ? ವಿಮಾನದಲ್ಲಿ ತೊಂದರೆ ಆಗುತ್ತದಾ?

ಉತ್ತರ: ವರ್ಷಕ್ಕೊಮ್ಮೆ ಹೋಗುವವರಿಗೆ ಸ್ಕೀ ಬಾಡಿಗೆಗೆ ಸಿಕ್ಕಿದ್ದೇ ಸಾಕು. ಬೂಟು ಮಾತ್ರ ಸ್ವಂತದ್ದಿದ್ದರೆ ಖಂಡಿತ ಒಯ್ಯಿರಿ. ಕಾಲಿಗೆ ಸರಿಹೊಂದದ ಬೂಟು ಇಡೀ ವಾರ ನೋಯಿಸುತ್ತದೆ. ವಿಮಾನ ಕಂಪನಿ ಒಪ್ಪಿದರೆ ಅದನ್ನು ಕ್ಯಾಬಿನ್ ಬ್ಯಾಗಿನಲ್ಲೇ ಇಡಿ. ಜೊತೆಗೆ ಒಂದು ಜೊತೆ ಗ್ಲೌಸ್, ಗಾಗಲ್ಸ್, ಥರ್ಮಲ್ ಬಟ್ಟೆ. ಚೆಕ್-ಇನ್ ಬ್ಯಾಗು ತಡವಾಗಿ ಬಂದರೂ ಮರುದಿನ ಇಳಿಜಾರಿಗೆ ಇಳಿಯಬಹುದು. ಸ್ಕೀ ಕೋಲುಗಳನ್ನು ಕ್ಯಾಬಿನ್‌ಗೆ ಬಿಡುವುದಿಲ್ಲ. ಬಿಸಿಯಾಗುವ ಗ್ಲೌಸ್‌ನ ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಇದಕ್ಕೆ ತಿರುಗುಮುರುಗು, ಕ್ಯಾಬಿನ್‌ನಲ್ಲೇ ಇರಬೇಕು. ಹಿಮಕುಸಿತದಿಂದ ಕಾಪಾಡುವ ಏರ್‌ಬ್ಯಾಗ್ ಬೆನ್ನುಚೀಲ ಇದ್ದರೆ ವಿಮಾನ ಕಂಪನಿಯ ಒಪ್ಪಿಗೆ ಮೊದಲೇ ಬೇಕು.

ಪ್ರಶ್ನೆ: ಷೆಂಗೆನ್ ವೀಸಾಕ್ಕೆ ಮಾಡಿಸಿದ ವಿಮೆ ಸ್ಕೀಯಿಂಗ್‌ಗೂ ಆಗುತ್ತದಾ?

ಉತ್ತರ: ಆಗುತ್ತದೆ ಎಂದು ನಂಬಿ ಹೊರಡಬೇಡಿ. ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಇರಬೇಕು. ಆದರೆ ಸಾಮಾನ್ಯ ಪಾಲಿಸಿಗಳಲ್ಲಿ ಚಳಿಗಾಲದ ಆಟಗಳನ್ನು ಹೊರಗಿಟ್ಟಿರುವುದು ಉಂಟು. ಪಾಲಿಸಿಯಲ್ಲಿ ಸ್ಕೀಯಿಂಗ್ ಎಂದು ಬರೆದಿದೆಯೇ, ಇಳಿಜಾರಿನಿಂದ ಕೆಳಗೆ ಸಾಗಿಸುವ ಖರ್ಚು ಸೇರಿದೆಯೇ, ಹೆಲಿಕಾಪ್ಟರ್ ಸೇರಿದೆಯೇ, ಇಷ್ಟನ್ನು ಓದಿ ನೋಡಿ. ಇಲ್ಲದಿದ್ದರೆ ಹೊರಡುವ ಮೊದಲೇ ಸೇರಿಸಲು ಹೇಳಿ.