ಹೈದರಾಬಾದಿಗೆ ಸೈನ್ಯ ಕಳಿಸೋಕೆ ಅಷ್ಟು ತಡ ಯಾಕೆ?

‘ಸ್ವಾತಂತ್ರ್ಯ ಬಂದ ಮೇಲೆ ಹೈದರಾಬಾದಿನ ನಿಜಾಮರ ಮೇಲೆ ಸೈನ್ಯ ಕಳಿಸೋಕೆ ದಿಲ್ಲಿ 13 ತಿಂಗಳು ಕಾದಿದ್ದು ಪುಕ್ಕಲುತನ ಅಲ್ವಾ?’ ಅಂತ ಕೇಳಿದ್ದೀರಿ. ನಾನು ಬಸವಕಲ್ಯಾಣದ ಕಡೆಯವನು. ಹಾಗೆ ಸುಲಭಕ್ಕೆ ಹೇಳಲಾರೆ.

1947ರ ನವೆಂಬರ್‌ನಲ್ಲಿ ದಿಲ್ಲಿಗೂ ನಿಜಾಮರಿಗೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ, ಅಂದರೆ ಸದ್ಯಕ್ಕೆ ಇದ್ದದ್ದು ಇದ್ದಂತೆಯೇ ಇರಲಿ ಅನ್ನೋ ಒಪ್ಪಂದ, ಆಗಿತ್ತು. ಕಾಶ್ಮೀರದಲ್ಲಿ ಬೇರೆ ಯುದ್ಧ. ನೆಹರೂಗೆ ಹಿಂಜರಿಕೆ, ಪಟೇಲರಿಗೆ ಆತುರ. ಆದರೂ 1948ರ ಜೂನ್‌ನಲ್ಲಿ ಗವರ್ನರ್ ಜನರಲ್ ಮೌಂಟ್‌ಬ್ಯಾಟನ್ ತಂದ ಒಪ್ಪಂದದ ಕರಡಿಗೆ ಪಟೇಲರು ಮನಸ್ಸಿಲ್ಲದಿದ್ದರೂ ಒಪ್ಪಿದ್ದರು. ಬೇಡ ಅಂದವರು ನಿಜಾಮರು. ತಮ್ಮ ಪರ ನಿಂತ ಖಾಸಗಿ ಪಡೆ ರಜಾಕಾರರ ಮುಖಂಡ ಕಾಸಿಂ ರಜ್ವಿಯನ್ನೂ ಅವರು ತಡೆಯಲಿಲ್ಲ. ಸೆಪ್ಟೆಂಬರ್ 13ಕ್ಕೆ ಸೈನ್ಯ ಬಂತು, 17ಕ್ಕೆ ನಿಜಾಮರು ಕೈಚೆಲ್ಲಿದರು. ಜೂನ್‌ನಲ್ಲೇ ಅವರು ಒಪ್ಪಬಹುದಿತ್ತಲ್ಲ!

ಕಾದಿದ್ದಕ್ಕೂ ಬೆಲೆ ತೆತ್ತಿದ್ದೇವೆ ಬಿಡಿ. ಆ ಮೇ ತಿಂಗಳಲ್ಲಿ ನಮ್ಮ ಪಕ್ಕದ ಗೋರಟಾದಲ್ಲಿ ರಜಾಕಾರರು ಜನರನ್ನು ಕೊಂದರು. ನಮ್ಮಜ್ಜಿ ಹಿತ್ತಲಲ್ಲಿ ಗುಂಡಿ ತೋಡಿ ತಾಮ್ರದ ಕೊಡ ಹೂತಿಟ್ಟು, ರೊಟ್ಟಿ ಕಟ್ಟಿಕೊಂಡು ಸೊಲ್ಲಾಪುರದ ಕಡೆ ನಡೆದಳಂತೆ. ಗುದ್ದಲಿ ತಾಗಿ ನೆಗ್ಗಿದ ಆ ಕೊಡ ಈಗಲೂ ನಮ್ಮ ಅಡುಗೆಮನೆಯಲ್ಲಿದೆ.

ದಿಲ್ಲಿ ಮೇಲೆ ನನಗೆ ಸಿಟ್ಟಿರುವುದು ತಡ ಮಾಡಿದ್ದಕ್ಕಲ್ಲ, ಆಮೇಲೆ ನಡೆದದ್ದಕ್ಕೆ. ಸೈನ್ಯ ಬಂದ ಮೇಲೆ ಬೀದರ್, ಕಲಬುರಗಿ ಕಡೆ ಮುಸ್ಲಿಮರ ಕೊಲೆಗಳಾದವು. ಅದನ್ನು ವಿಚಾರಿಸಲು ದಿಲ್ಲಿಯೇ ಕಳಿಸಿದ ಸುಂದರಲಾಲ್ ಸಮಿತಿ ಊರೂರು ಸುತ್ತಿ ವರದಿ ಕೊಟ್ಟಿತು. ಸರ್ಕಾರ ಅದನ್ನು ದಶಕಗಳ ಕಾಲ ಹೊರಗೇ ಬಿಡಲಿಲ್ಲ.