ಅಮ್ಮನಿಗೆ ತೆಗೆದು ಹಾಕೋ ಹಲ್ಲು ಸೆಟ್ ಮಾಡಿಸ್ತಿದೀವಿ, ಮೊದ್ಲಿನ ಥರ ಅಗಿದು ತಿನ್ನೋಕಾಗತ್ತಾ?

ಮೊದ್ಲಿನ ಥರ ಅಂದ್ರೆ ಆಗಲ್ಲ, ಈಗ್ಲೇ ಹೇಳ್ಬಿಡ್ತೀನಿ. ನಂಗೀಗ 66, ಮೂರು ವರ್ಷದ ಹಿಂದೆ ಮೇಲೆ ಕೆಳಗೆ ಎರಡೂ ಕಟ್ಟಿಸ್ಕೊಂಡೆ. ಎರಡು ವಾರದಲ್ಲಿ ಅಭ್ಯಾಸ ಆಗೋಗತ್ತೆ ಸಾರ್ ಅಂದಿದ್ರು ಡಾಕ್ಟ್ರು, ನಂಗೆ ಎರಡು ತಿಂಗಳ ಮೇಲೇ ಹಿಡೀತು.

ಸ್ವಂತ ಹಲ್ಲು ದವಡೆ ಮೂಳೆಲಿ ಬೇರು ಬಿಟ್ಟಿರತ್ತೆ, ಅನ್ನದಲ್ಲಿ ಸಣ್ಣ ಕಲ್ಲು ಸಿಕ್ರೂ ಬೇರಿನ ಸುತ್ತ ಇರೋ ನರಕ್ಕೆ ಗೊತ್ತಾಗೋಗತ್ತೆ. ಸೆಟ್ಟು ಬರೀ ಒಸಡಿನ ಮೇಲೆ ಕೂತಿರೋದು, ಜೋರಾಗಿ ಕಚ್ಚಿದ್ರೆ ನೋಯೋದು ಒಸಡೇ, ಹಂಗಾಗಿ ಮೊದ್ಲಿದ್ದ ಶಕ್ತಿಲಿ ಹತ್ತತ್ರ ಕಾಲು ಭಾಗ ಸಿಕ್ರೆ ಅದೇ ದೊಡ್ಡದು. ಮೇಲಿನದು ಅಂಗುಳಕ್ಕೆ ಅಂಟ್ಕೊಂಡು ನಿಲ್ಲತ್ತೆ, ಕೆಳಗಿನದು ಕುದುರೆ ಲಾಳದ ಥರ, ಮಧ್ಯದಲ್ಲಿ ನಾಲಿಗೆ ಬೇರೆ, ಅದು ಅಲ್ಲಾಡಿದಾಗೆಲ್ಲ ಇದೂ ಎದ್ದೇಳತ್ತೆ. ನನ್ನ ಗೋಳೆಲ್ಲ ಕೆಳಗಿನ ಸೆಟ್ಟಿಂದೇ.

ಮುಂದಿನ ಹಲ್ಲಲ್ಲಿ ಮಾತ್ರ ಕಚ್ಚಬಾರ್ದು. ನಾನು ದರ್ಶಿನಿಲಿ ನಿಂತ್ಕೊಂಡು ಉದ್ದಿನವಡೆ ಕಚ್ಚಿದೆ, ಸೆಟ್ಟು ಹಿಂದ್ಗಡೆಯಿಂದ ಎದ್ದು ಮುಂದಕ್ಕೆ ಜಾರಿ, ಬಾಯಿಗೆ ಕೈ ಅಡ್ಡ ಹಿಡ್ಕೊಂಡು ಕೈ ತೊಳೆಯೋ ಜಾಗಕ್ಕೆ ಓಡಿದೆ. ಈಗ ಎಲ್ಲಾನೂ ಚೂರು ಮಾಡ್ಕೊಂಡು, ಎಡಕ್ಕೊಂದಿಷ್ಟು ಬಲಕ್ಕೊಂದಿಷ್ಟು ಇಟ್ಕೊಂಡು, ಎರಡೂ ಕಡೆ ಒಟ್ಟಿಗೇ ಅಗೀತೀನಿ, ಒಂದೇ ಕಡೆ ಅಗಿದ್ರೆ ತಕ್ಕಡಿ ಥರ ಇನ್ನೊಂದು ಕಡೆ ಏಳತ್ತೆ.

ಮುದ್ದೆ ತಿನ್ನೋರ ಪುಣ್ಯ, ಅದನ್ನ ಅಗಿಯೋದೇ ಇಲ್ವಲ್ಲ, ನುಂಗೋದು. ಹಿತಕಿದ ಬೇಳೆ ಸಾರೂ ಸಲೀಸು. ಕೋಡುಬಳೆ, ನಿಪ್ಪಟ್ಟು ನಾನು ಬಿಟ್ಟೇಬಿಟ್ಟೆ. ಬಸವನಗುಡಿ ಪರಿಷೆಲಿ ಹುರಿದ ಕಡ್ಲೆಕಾಯಿ ಬಿಟ್ಟು ಬೇಯಿಸಿದ್ದು ತಗೋತೀನಿ, ಜೊತೆಲಿರೋರು ಒಬ್ರಾದ್ರೂ ಆ ಕಡ್ಲೆ-ಹಲ್ಲಿನ ಗಾದೆ ಹೇಳ್ದೇ ಬಿಡಲ್ಲ, ಕೇಳಿ ಕೇಳಿ ಸಾಕಾಗಿದೆ. ಸಂಕ್ರಾಂತಿ ಎಳ್ಳು, ಸೀಬೆ ಬೀಜ ಎಲ್ಲ ಸೆಟ್ಟಿನ ಅಡೀಗೆ ಹೋಗಿ ಮರಳಿನ ಥರ ಚುಚ್ಚತ್ತೆ, ಎದ್ದು ಹೋಗಿ ತೊಳ್ಕೊಂಡು ಬರಬೇಕು. ಅಮ್ಮ ಹಿಂಸೆ ಅಂತ ತರಕಾರಿ, ಹಣ್ಣು ಬಿಟ್ಟು ಬರೀ ಮೊಸರನ್ನಕ್ಕೆ ಇಳಿದ್ಬಿಡಬಹುದು, ಅದಕ್ಕೆ ಬಿಡ್ಬೇಡಿ, ಹೆಚ್ಚಿ ಮೆತ್ತಗೆ ಬೇಯಿಸಿ ಕೊಡಿ.

ಹಲ್ಲು ಕಿತ್ತ ಮೇಲೆ ಮೂಳೆ ಕರಗ್ತಾ ಹೋಗತ್ತೆ, ಕೆಳದವಡೆಲಿ ಜಾಸ್ತಿ, ಅದಕ್ಕೇ ಚೆನ್ನಾಗಿ ಕೂತಿದ್ದ ಸೆಟ್ಟೂ ಆಮೇಲೆ ಲೂಸ್ ಆಗತ್ತೆ. ನಾನು ಒಂದೂವರೆ ವರ್ಷಕ್ಕೆ ಒಳಗಡೆ ಹೊಸದಾಗಿ ಲೈನಿಂಗ್ ಹಾಕಿಸಿದೆ. ದುಡ್ಡಿಗೆ ತೊಂದ್ರೆ ಇಲ್ಲ ಅಂದ್ರೆ ಕೆಳಗಡೆ ಎರಡು ಇಂಪ್ಲಾಂಟ್ (ದವಡೆ ಮೂಳೆಗೆ ಕೂರಿಸೋ ಸ್ಕ್ರೂ ಥರದ್ದು) ಹಾಕಿ ಅದಕ್ಕೆ ಸೆಟ್ ಸಿಗಿಸೋದಕ್ಕಾಗತ್ತಾ ಅಂತ ಈಗ್ಲೇ ಕೇಳಿ, ನಾನು ಕೇಳ್ಲಿಲ್ಲ.

ರಾತ್ರಿ ತೆಗೆದು ತಣ್ಣೀರಲ್ಲಿಡಿ, ಬಿಸಿನೀರಾದ್ರೆ ಸೊಟ್ಟಗಾಗತ್ತೆ. ಎಲ್ಲಾದ್ರೂ ಉಜ್ಜಿ ಹುಣ್ಣಾದ್ರೆ ಮನೇಲಿ ನೀವೇ ಸೆಟ್ಟನ್ನ ಉಜ್ಜಿ ಸವೆಸೋಕೆ ಹೋಗ್ಬೇಡಿ, ಡಾಕ್ಟ್ರ ಹತ್ರ ಹೋಗೋ ದಿನ ಸ್ವಲ್ಪ ನೋವಾದ್ರೂ ಹಾಕ್ಕೊಂಡೇ ಹೋಗ್ಲಿ, ಎಲ್ಲಿ ಒತ್ತತಿದೆ ಅಂತ ಅವರಿಗೆ ಕೆಂಪಗೆ ಕಾಣಬೇಕಲ್ಲ.